ಬಿಳಿ ಸೀರೆಯ ಗಂಗೂಬಾಯಿ, ಪರದೆಗೆ ಬಾರದ ಸಾಲದ ಲೆಕ್ಕ

ಪ್ರಶ್ನೆ: ‘ಗಂಗೂಬಾಯಿ ಕಾಠಿಯಾವಾಡಿ’ ಮೊನ್ನೆ ನೋಡಿದೆವು. ಆಲಿಯಾ ಭಟ್ ತುಂಬಾ ಇಷ್ಟವಾದರು. ಆದರೆ ವೇಶ್ಯಾಗೃಹ ನಡೆಸುವವಳನ್ನು ನಾಯಕಿ ಮಾಡಿ ಚಪ್ಪಾಳೆ ಹೊಡೆಸೋದು ಸರಿಯಾ? ಮನೆಯಲ್ಲಿ ಇದೇ ವಾದ ನಡೆದಿದೆ.
– ಸಾಗರದ ಓದುಗರೊಬ್ಬರು

ಉತ್ತರ: ನಮ್ಮಲ್ಲೂ ಇದೇ ಆಯ್ತು. 2022ರ ಫೆಬ್ರವರಿಯಲ್ಲಿ ಸಿನಿಮಾ ಬಂದಾಗ ನಾನೂ ಅಕ್ಕನೂ ಶಿವಮೊಗ್ಗದಲ್ಲಿ ನೋಡಿ ತೀರ್ಥಹಳ್ಳಿ ಬಸ್ಸು ಹತ್ತಿದೆವು. ಮಂಡಗದ್ದೆ ಬರುವ ತನಕ ಇದೇ ಮಾತು. ‘ಅವಳನ್ನೂ ಯಾರೋ ಮಾರಿದ್ದೇ ಅಲ್ವಾ, ಅವಳು ಗೆದ್ದರೆ ನಿನಗ್ಯಾಕೆ ಸಂಕಟ’ ಅಂದಳು ಅಕ್ಕ. ಅವಳ ಮಾತು ಸರಿ. ಸಿನಿಮಾದಲ್ಲಿ ಗಂಗಾಳನ್ನು (ಆಮೇಲೆ ಗಂಗೂ ಆಗುವವಳು ಇವಳೇ) ನಟಿ ಮಾಡ್ತೀನಿ ಅಂತ ನಂಬಿಸಿ ಕರೆತಂದವನು ಅವಳು ಪ್ರೀತಿಸಿದ ಹುಡುಗನೇ. ಸಾವಿರ ರೂಪಾಯಿಗೆ ವೇಶ್ಯಾಗೃಹಕ್ಕೆ ಮಾರಿ ಹೋಗುತ್ತಾನೆ. ಅಲ್ಲಿಂದ ಎದ್ದು ನಿಂತು, ಮಕ್ಕಳನ್ನು ಶಾಲೆಗೆ ಸೇರಿಸಲು ಹೋರಾಡಿ, ಆಜಾದ್ ಮೈದಾನದಲ್ಲಿ ಮೈಕ್ ಹಿಡಿಯುವ ಹೆಣ್ಣಿಗೆ ಚಪ್ಪಾಳೆ ಸಿಕ್ಕರೆ ನನಗೆ ಸಂತೋಷವೇ.

ನನ್ನ ತಕರಾರು ಬೇರೆ. ಗಂಗೂ ಆ ಮನೆಯ ಯಜಮಾನಿಯಾದ ಮೇಲೆ ಲೆಕ್ಕದ ಪುಸ್ತಕ ಎಲ್ಲಿ ಹೋಯ್ತು? ಇಂಥ ಮನೆ ನಿಂತಿರೋದೇ ಸಾಲದ ಮೇಲೆ. ಹುಡುಗಿಯನ್ನು ಕೊಳ್ಳಲು ಘರ್‌ವಾಲಿ, ಅಂದರೆ ಆ ಮನೆಯ ಯಜಮಾನಿ, ಕೊಟ್ಟ ದುಡ್ಡು ಆ ಹುಡುಗಿಯ ತಲೆ ಮೇಲೇ ಸಾಲವಾಗಿ ಕೂರುತ್ತೆ. ಅವಳನ್ನು ಮಾರಿದ್ದೂ ಅಲ್ಲದೆ ಮಾರಿದ ಬೆಲೆಯನ್ನೂ ಅವಳೇ ತೀರಿಸಬೇಕು. ಅದರ ಮೇಲೆ ಊಟ, ಬಟ್ಟೆ, ಮಂಚದ ಬಾಡಿಗೆ, ಜ್ವರ ಬಂದರೆ ಡಾಕ್ಟರ ಖರ್ಚು, ಬಡ್ಡಿ ಎಲ್ಲ ಸೇರುತ್ತೆ. ಸಾಲ ತೀರುವ ತನಕ ದುಡಿದಿದ್ದು ಕೈಗೆ ಬರಲ್ಲ, ಎಷ್ಟು ತೀರಿದೆ ಅಂತ ಹೇಳಬೇಕಾದವಳೂ ಘರ್‌ವಾಲಿಯೇ. ವರ್ಷಗಳು ಕಳೆದು ಅದು ತೀರಿತು ಅಂದಾಗ ಎಷ್ಟೋ ಜನರಿಗೆ ತವರಿನ ಬಾಗಿಲು ಮುಚ್ಚಿರುತ್ತೆ, ಬೇರೆ ಕೆಲಸ ಗೊತ್ತಿರಲ್ಲ, ಅವರಲ್ಲೇ ಒಬ್ಬಳು ನಾಲ್ಕು ಕಾಸು ಕೂಡಿಸಿ ತಾನೇ ಒಂದು ಹುಡುಗಿಯನ್ನು ತಂದು ಇಟ್ಟುಕೊಳ್ಳುತ್ತಾಳೆ. ಘರ್‌ವಾಲಿ ಆಗೋದು ಹೀಗೆ. ಅವಳ ನೋವೂ ನಿಜ, ಅವಳ ಕೈಯಲ್ಲಿರುವ ಪುಸ್ತಕವೂ ನಿಜ. ಸಿನಿಮಾ ನೋವನ್ನು ಮನಸ್ಸಿಗೆ ತಾಗುವ ಹಾಗೆ ತೋರಿಸಿದೆ. ಪುಸ್ತಕವನ್ನು ಗಂಗೂ ಉಡುವ ಬಿಳಿ ಸೀರೆ ಮರೆಮಾಡಿದೆ.

ಪ್ರಶ್ನೆ: ಇದು ನಡೆದ ಕಥೆಯಾ?
– ಭದ್ರಾವತಿಯಿಂದ

ಉತ್ತರ: ಹುಸೇನ್ ಜೈದಿ ಅವರ 2011ರ ‘ಮಾಫಿಯಾ ಕ್ವೀನ್ಸ್ ಆಫ್ ಮುಂಬೈ’ ಪುಸ್ತಕದ ಒಂದು ಅಧ್ಯಾಯವೇ ಸಿನಿಮಾಕ್ಕೆ ಆಧಾರ. ಅಜಯ್ ದೇವಗನ್ ಮಾಡಿದ ರಹೀಂ ಲಾಲಾ ಪಾತ್ರದ ಹಿಂದೆ ಇರೋದು ಮುಂಬೈ ಭೂಗತ ಲೋಕದ ಕರೀಂ ಲಾಲಾ. ಕಥೆ ನಡೆಯುವ ಮುಂಬೈನ ವೇಶ್ಯಾವಾಟಿಕೆ ಕಾಮಾಠಿಪುರಕ್ಕೆ ಆ ಹೆಸರು ಬಂದಿದ್ದು ತೆಲುಗು ನಾಡಿನಿಂದ ಕೂಲಿಗೆ ಹೋದ ಕಾಮಾಠಿ ಜನರಿಂದ. ಆಲಿಯಾಗೆ ಈ ಪಾತ್ರಕ್ಕೆ ರಾಷ್ಟ್ರ ಪ್ರಶಸ್ತಿ ಬಂತು, ಕೃತಿ ಸನನ್ ಜೊತೆ ಹಂಚಿಕೊಂಡರು.

ಪ್ರಶ್ನೆ: ನಮ್ಮ ಕನ್ನಡದಲ್ಲಿ ಇಂಥ ಸಿನಿಮಾ ಇಲ್ವಾ?
– ತೀರ್ಥಹಳ್ಳಿಯ ಓದುಗರೊಬ್ಬರು

ಉತ್ತರ: ನಿಮ್ಮ ಊರಿನವರೇ ಬರೆದ ಕಥೆ ಇದೆ! ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ, ತೀರ್ಥಹಳ್ಳಿಯಲ್ಲಿ. ಓದು ಅರ್ಧಕ್ಕೇ ನಿಂತು ಚಿಕ್ಕ ವಯಸ್ಸಿಗೇ ಮದುವೆಯಾದ ಹೆಣ್ಣುಮಗಳು ಅವರು. ಅವರ ‘ಗೆಜ್ಜೆಪೂಜೆ’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1969ರಲ್ಲಿ ಸಿನಿಮಾ ಮಾಡಿದರು, ಚಿತ್ರಕಥೆಗೆ ರಾಷ್ಟ್ರ ಪ್ರಶಸ್ತಿ ಬಂತು. ಕಲ್ಪನಾ ಮಾಡಿದ ಚಂದ್ರಾಗೆ ಓದಬೇಕು, ಎಲ್ಲರ ಹಾಗೆ ಮದುವೆಯಾಗಿ ಸಂಸಾರ ಮಾಡಬೇಕು ಅನ್ನೋ ಆಸೆ. ಆದರೆ ಅವಳು ಹುಟ್ಟಿದ ಮನೆಯಲ್ಲಿ ಮಗಳಿಗೆ ಗೆಜ್ಜೆಪೂಜೆ ಮಾಡಿದರೆ ಕಸುಬಿಗೆ ಇಳಿಸಿದ ಹಾಗೆ. ಇಲ್ಲಿ ಕೊಂಡು ತರುವವರು, ಮಾರುವವರು ಯಾರೂ ಬೇಕಿಲ್ಲ. ಹೂವು, ಹಣ್ಣು, ಅರಿಸಿನ-ಕುಂಕುಮದ ಶಾಸ್ತ್ರವೇ ಆ ಕೆಲಸ ಮಾಡಿಬಿಡುತ್ತೆ. ಗಂಗೂಬಾಯಿಗಿಂತ ನನ್ನನ್ನು ಜಾಸ್ತಿ ಕಾಡಿದ್ದು ಚಂದ್ರಾನೇ.

ಇನ್ನೊಂದನ್ನೂ ನೋಡಿ, ಹಿಂದಿಯದು. ಶ್ಯಾಮ್ ಬೆನಗಲ್ ಅವರ 1983ರ ‘ಮಂಡಿ’. ಗುಲಾಂ ಅಬ್ಬಾಸ್ ಅವರ ಸಣ್ಣ ಕಥೆಯಿಂದ ಹುಟ್ಟಿದ್ದು. ಊರಿನ ದೊಡ್ಡ ಮನುಷ್ಯರೆಲ್ಲ ಸೇರಿ ವೇಶ್ಯಾಗೃಹವನ್ನು ಊರಾಚೆಗೆ ಓಡಿಸುತ್ತಾರೆ, ಆಮೇಲೆ ಆ ಬಯಲಿಗೇ ಜನ ಬರೋಕೆ ಶುರುಮಾಡುತ್ತಾರೆ. ಶಬಾನಾ ಆಜ್ಮಿಯ ರುಕ್ಮಿಣಿಬಾಯಿ ಹುಡುಗಿಯರನ್ನು ಮಕ್ಕಳ ಹಾಗೆ ಮುದ್ದಿಸುತ್ತಾಳೆ, ಗದರುತ್ತಾಳೆ, ಅವರಿಂದಲೇ ಬದುಕುತ್ತಾಳೆ. ಮೋಸದಿಂದ ತಂದ ಮಾತು ಬಾರದ ಹುಡುಗಿಯೂ ಅದೇ ಮನೆಯಲ್ಲಿದ್ದಾಳೆ. ಪ್ರೀತಿ ಮತ್ತು ಲೆಕ್ಕ ಎರಡೂ ಒಂದೇ ಹೆಂಗಸಿನಲ್ಲಿ! ನಾನು ಗಂಗೂಬಾಯಿಯಲ್ಲಿ ಹುಡುಕಿ ಸಿಗದಿದ್ದು ಇದೇ.

ಪ್ರಶ್ನೆ: ಸಿನಿಮಾದಲ್ಲಿ ಗಂಗೂ ನೆಹರೂ ಅವರ ಹತ್ತಿರವೇ ಹೋಗಿ ಕಾನೂನಿನ ಮಾನ್ಯತೆ ಕೇಳ್ತಾಳೆ. ಈಗ ಕಾನೂನು ಏನು ಹೇಳುತ್ತೆ?
– ಶಿವಮೊಗ್ಗದ ಕಾಲೇಜು ವಿದ್ಯಾರ್ಥಿನಿ

ಉತ್ತರ: ವೇಶ್ಯಾವೃತ್ತಿಗೆ ಸಂಬಂಧಿಸಿದ 1956ರ ಕಾಯ್ದೆಯೇ ಇವತ್ತಿಗೂ ಇದೆ, ನಡುವೆ ತಿದ್ದುಪಡಿಗಳಾಗಿವೆ. ವಯಸ್ಸಿಗೆ ಬಂದ ಹೆಣ್ಣು ತಾನಾಗಿ ಈ ಕೆಲಸ ಮಾಡಿದರೆ ಅದೇ ಒಂದು ಅಪರಾಧ ಅಲ್ಲ. ವೇಶ್ಯಾಗೃಹ ನಡೆಸೋದು ಅಪರಾಧ, ಮೊದಲ ಸಲಕ್ಕೇ 1ರಿಂದ 3 ವರ್ಷ ಜೈಲು. ಬೀದಿಯಲ್ಲಿ ನಿಂತು ಗಿರಾಕಿ ಕರೆಯೋದೂ ಅಪರಾಧ. ನನಗೆ ಬಹಳ ಕಷ್ಟವಾಗೋದು 4ನೇ ಸೆಕ್ಷನ್. ಆ ಸಂಪಾದನೆಯಲ್ಲಿ ಬದುಕುವ 18 ದಾಟಿದ ಯಾರನ್ನಾದರೂ ಶಿಕ್ಷಿಸಬಹುದು. ತಲೆಹಿಡುಕರಿಗೆ ಅಂತ ಮಾಡಿದ್ದು, ಆದರೆ ತಾಯಿಯ ದುಡ್ಡಲ್ಲಿ ಕಾಲೇಜಿಗೆ ಹೋಗುವ ಮಗನೂ ಅದರಲ್ಲಿ ಸಿಕ್ಕಿಕೊಳ್ಳಬಹುದು. ನಿಮ್ಮ ವಯಸ್ಸಿನ ಹುಡುಗ ಅವನು, ಯೋಚಿಸಿ.

2022ರ ಮೇ 19ರಂದು ಸುಪ್ರೀಂ ಕೋರ್ಟ್ ಒಂದು ಒಳ್ಳೆಯ ಆದೇಶ ಕೊಟ್ಟಿತು. ಸ್ವಂತ ಇಚ್ಛೆಯಿಂದ ಇರುವ ಹೆಂಗಸರನ್ನು ದಾಳಿಯ ವೇಳೆ ಬಂಧಿಸಬಾರದು, ಹಿಂಸಿಸಬಾರದು, ಸುದ್ದಿಯಲ್ಲಿ ಅವರ ಗುರುತು ಬಿಟ್ಟುಕೊಡಬಾರದು, ತಾಯಿ ಈ ಕೆಲಸದಲ್ಲಿದ್ದಾಳೆ ಅನ್ನೋ ಒಂದೇ ಕಾರಣಕ್ಕೆ ಮಗುವನ್ನು ಕಿತ್ತುಕೊಳ್ಳಬಾರದು ಅಂತ ಅದರಲ್ಲಿದೆ.

ಪ್ರಶ್ನೆ: ಸಿನಿಮಾ ನೋಡಿದಾಗಿನಿಂದ ಭಯ. ಪಕ್ಕದ ಮನೆಯ 16ರ ಹುಡುಗಿಗೆ ಮುಂಬೈಯಲ್ಲಿ ಕೆಲಸ ಕೊಡಿಸ್ತೀನಿ ಅಂತ ಪರಿಚಯದವನೊಬ್ಬ ಓಡಾಡ್ತಿದ್ದಾನೆ. ಅವರ ಅಪ್ಪ ಮುಂಗಡ ಬೇರೆ ತಗೊಂಡಿದ್ದಾರಂತೆ.
– ಹೊಸನಗರ ತಾಲ್ಲೂಕಿನ ಗೃಹಿಣಿ

ಉತ್ತರ: ಆ ಮುಂಗಡದ ಮಾತು ಕೇಳಿ ನನಗೂ ಎದೆ ಧಸಕ್ ಅಂತು. ಕೆಲಸ ನಿಜವೇ ಇರಬಹುದು, ಆದರೂ ಅವಳು ಮನೆ ಬಿಡುವ ಮೊದಲೇ ಸಾಲ ಶುರುವಾಗಿದೆ ಅಲ್ವಾ? ಸುಮ್ನೆ ಕಾಯಬೇಡಿ. 16 ಅಂದರೆ ಅವಳಿನ್ನೂ ಮಗು, 1098ಕ್ಕೆ ಇವತ್ತೇ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ. ಈಗಾಗಲೇ ಹೊರಡಿಸುತ್ತಿದ್ದಾರೆ ಅನಿಸಿದರೆ ನೇರ ತುರ್ತು ಸಹಾಯದ 112. ಅವಳ ಅಮ್ಮನ ಹತ್ತಿರ ನೀವೇ ಕೂತು ಮಾತಾಡಿ, ಯಾವ ಕೆಲಸ, ಯಾರ ಮನೆ, ವಿಳಾಸ ಏನು ಅಂತ ಕೇಳಿಸಿ. ಹುಡುಗಿಯ ಆಧಾರ್ ಕಾರ್ಡು ಅವನ ಕೈಗೆ ಹೋಗಿದ್ದರೆ ವಾಪಸ್ ಇಸ್ಕೊಳ್ಳೋಕೆ ಹೇಳಿ. ಆಮೇಲೆ ಏನಾಯ್ತು ಅಂತ ನನಗೆ ಒಂದು ಸಾಲು ಬರೆಯಿರಿ. ಊರಿನ ಹೆಸರು ಹಾಕಬೇಡಿ, ನಾನೂ ಹಾಕಲ್ಲ.