ಬಿ27 ಪಾಸಿಟಿವ್ ಬಂದರೆ ಬೆನ್ನು ಬಾಗಿಯೇ ಬಾಗುತ್ತಾ?

ಪ್ರಶ್ನೆ: ನನಗೆ 23 ವರ್ಷ. ಅಣ್ಣನಿಗೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಬೆನ್ನೆಲುಬಿನ ಕೀಲುಗಳಲ್ಲಿ ಉರಿಯೂತ ಬಂದು ಬೆನ್ನು ಬಿಗಿಯುವ, ಕೆಲವರಲ್ಲಿ ಬೆಸೆದು ಬಾಗುವ ಕಾಯಿಲೆ) ಇದೆ. ನನಗೂ ಇರಬಹುದು ಅಂತ ಮನೆಯವರು ಎಚ್‌ಎಲ್‌ಎ-ಬಿ27 ರಕ್ತ ಪರೀಕ್ಷೆ ಮಾಡಿಸಿದರು, ಪಾಸಿಟಿವ್ ಬಂತು. ನನಗೆ ಬೆನ್ನುನೋವು ಒಂದಿಷ್ಟೂ ಇಲ್ಲ. ಮದುವೆ ಮಾತುಕತೆ ನಡೆದಿದೆ, ಅಮ್ಮ ರಿಪೋರ್ಟ್ ನೋಡಿ ಅಳ್ತಾರೆ. ನನಗೂ ಅಣ್ಣನ ಹಾಗೇ ಆಗುತ್ತಾ? ಮಕ್ಕಳಿಗೂ ಬರುತ್ತಾ?
– ಓದುಗಿ, ಗಂಗಾವತಿ

ಉತ್ತರ: ಮೊದಲು ಅಮ್ಮನಿಗೆ ಹೇಳಿ, ಆ ರಿಪೋರ್ಟ್‌ನಲ್ಲಿ ಕಾಯಿಲೆ ಇದೆ ಅಂತ ಎಲ್ಲೂ ಬರೆದಿಲ್ಲ. ನಿಮ್ಮಲ್ಲಿ ಒಂದು ಜೀನ್ ಇದೆ ಅಂತ ಮಾತ್ರ ಬರೆದಿದೆ. ಬಿ27 ಇರುವವರಲ್ಲಿ ಬಹಳ ದೊಡ್ಡ ಪಾಲಿನವರಿಗೆ ಈ ಕಾಯಿಲೆ ಜೀವನಪೂರ್ತಿ ಬರುವುದೇ ಇಲ್ಲ. ಒಡಹುಟ್ಟಿದವರಿಗೆ ಕಾಯಿಲೆ ಇದ್ದಾಗ ಸಾಧ್ಯತೆ ಸ್ವಲ್ಪ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ನಿಮ್ಮಂಥ 100 ಜನರಲ್ಲಿ ಸುಮಾರು 10ರಿಂದ 20 ಜನರಿಗೆ ಬರಬಹುದು. ಉಳಿದ 80ರಿಂದ 90 ಜನ ಆರಾಮಾಗಿರ್ತಾರೆ, ಅಲ್ವಾ?

ಈ ಜೀನ್ ಇರುವುದು ನಮ್ಮ 6ನೇ ಕ್ರೋಮೋಸೋಮಿನಲ್ಲಿ. ಅದು ಮೈಯ ಶತ್ರುವಲ್ಲ, ಮೈ ಕಾಯುವ ವ್ಯವಸ್ಥೆಯದೇ ಭಾಗ. ಎಪಿಎಂಸಿಯಲ್ಲಿ ಭತ್ತದ ಚೀಲದಿಂದ ಒಂದು ಹಿಡಿ ತೆಗೆದು ವ್ಯಾಪಾರಿಗೆ ತೋರಿಸ್ತಾರಲ್ಲ, ಹಾಗೆ ಎಚ್‌ಎಲ್‌ಎ-ಬಿ ಪ್ರೋಟೀನು ಜೀವಕೋಶದ ಒಳಗಿನ ಚೂರುಗಳನ್ನು ಹೊರಗೆ ಹಿಡಿದು ಟಿ-ಕೋಶಗಳಿಗೆ, ಅಂದರೆ ಮೈ ಕಾಯುವ ಒಂದು ಬಗೆಯ ಬಿಳಿ ರಕ್ತಕಣಗಳಿಗೆ, ತೋರಿಸುತ್ತದೆ. ಚೂರು ವೈರಸ್ಸಿನದು ಅಂತ ಗೊತ್ತಾದರೆ ಟಿ-ಕೋಶ ಆ ಜೀವಕೋಶವನ್ನು ಕೊಲ್ಲುತ್ತದೆ. ಬಿ27 ಈ ಪ್ರೋಟೀನಿನದೇ ಒಂದು ಬಗೆ, ಕೆಲವು ವೈರಸ್‌ಗಳ ವಿಷಯದಲ್ಲಿ ಈ ಕೆಲಸದಲ್ಲಿ ಚುರುಕು. ಎಚ್‌ಐವಿ ತಗುಲಿದವರಲ್ಲಿ ಬಿ27 ಇದ್ದರೆ ರೋಗ ನಿಧಾನವಾಗಿ ಮುಂದುವರಿಯುತ್ತದೆ ಅನ್ನುವುದು ಚೆನ್ನಾಗಿ ಗೊತ್ತಿರುವ ವಿಷಯ. ಹಾಗಾಗಿ ಇದನ್ನು "ಕೆಟ್ಟ ಜೀನ್" ಅಂತ ಕರೆಯುವುದನ್ನು ನಾನು ಒಪ್ಪುವುದಿಲ್ಲ.

ಹಾಗಾದರೆ ಬೆನ್ನಿಗೆ ಯಾಕೆ ತೊಂದರೆ? 1973ರಲ್ಲಿ ಲಂಡನ್ ಮತ್ತು ಲಾಸ್ ಏಂಜಲೀಸ್‌ನ ಎರಡು ತಂಡಗಳು ಬೇರೆ ಬೇರೆಯಾಗಿ ಈ ನಂಟನ್ನು ಕಂಡುಹಿಡಿದವು. ಅಲ್ಲಿನ ರೋಗಿಗಳಲ್ಲಿ ಸುಮಾರು 90% ಜನರಿಗೆ ಬಿ27 ಇತ್ತು. ಕಾರಣದ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ಬ್ಯಾಕ್ಟೀರಿಯಾದ ಚೂರೂ ನಮ್ಮದೇ ಮೈಯ ಚೂರೂ ಒಂದೇ ಥರ ಕಂಡು ಟಿ-ಕೋಶ ಮೋಸ ಹೋಗುತ್ತದೆ ಅನ್ನುವುದು ಒಂದು ವಾದ. 2022ರಲ್ಲಿ ರೋಗಿಗಳ ಕೀಲು ಮತ್ತು ಕಣ್ಣಿನಿಂದ ತೆಗೆದ ಟಿ-ಕೋಶಗಳು ಎರಡೂ ಬಗೆಯ ಚೂರುಗಳಿಗೆ ಸ್ಪಂದಿಸಿದ್ದು ಕಂಡ ಮೇಲೆ ಈ ವಾದಕ್ಕೆ ಬಲ ಬಂದಿದೆ. ಬಿ27 ಪ್ರೋಟೀನು ಸರಿಯಾಗಿ ಮಡಚಿಕೊಳ್ಳದೆ ಜೀವಕೋಶದೊಳಗೇ ಸಿಕ್ಕಿಬಿದ್ದು ಉರಿಯೂತ ಎಬ್ಬಿಸುತ್ತದೆ ಅಂತ ಇನ್ನು ಕೆಲವರು ಹೇಳ್ತಾರೆ. ಎರಡೂ ಸೇರಿರಬಹುದು. ಇಆರ್‌ಎಪಿ1, ಐಎಲ್23ಆರ್‌ನಂಥ ಬೇರೆ ಜೀನ್‌ಗಳೂ ಇದರಲ್ಲಿ ಕೈ ಹಾಕುತ್ತವೆ, ಕರುಳಿನ ಬ್ಯಾಕ್ಟೀರಿಯಾಗಳ ಪಾತ್ರವೂ ಇದೆ ಅಂತ ಸಂಶೋಧಕರು ನಂಬ್ತಾರೆ. ಅಂದರೆ ಬಿ27 ಒಂದೇ ಸಾಲುವುದಿಲ್ಲ.

ಮಕ್ಕಳ ವಿಷಯ. ಸಾಮಾನ್ಯವಾಗಿ ಈ ಜೀನ್ ಅಪ್ಪ ಇಲ್ಲವೇ ಅಮ್ಮ, ಒಬ್ಬರ ಕಡೆಯಿಂದ ಬಂದಿರುತ್ತದೆ, ಹಾಗಾಗಿ ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಅರ್ಧಕ್ಕರ್ಧ. ದಾಟುವುದು ಜೀನ್, ಕಾಯಿಲೆ ಅಲ್ಲ.

ಮದುವೆಗೆ ಇದು ಅಡ್ಡಿಯಲ್ಲ. ಕನ್ಯೆ ನೋಡಲು ಬಂದವರ ಮುಂದೆ ಲ್ಯಾಬ್ ರಿಪೋರ್ಟ್ ಇಡಬೇಕಿಲ್ಲ. ಮಾತು ಗಟ್ಟಿಯಾದಾಗ ಹುಡುಗನ ಹತ್ತಿರ ನೀವೇ ನೇರವಾಗಿ ಹೇಳಿ, ಅದು ನಿಮಗೂ ನೆಮ್ಮದಿ. ನೋವೇ ಇಲ್ಲದವರಿಗೆ ಈ ಪರೀಕ್ಷೆ ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ, ಸುಮ್ನೆ ಒಂದು ಮನೆಯ ನಿದ್ದೆ ಕೆಡುತ್ತದೆ.

ನೆನಪಿಡಬೇಕಾದದ್ದು ಇಷ್ಟೇ. ಮೂರು ತಿಂಗಳಿಗೂ ಜಾಸ್ತಿ ಬೆನ್ನು ಅಥವಾ ಪೃಷ್ಠದ ನೋವು ಇದ್ದು, ಬೆಳಿಗ್ಗೆ ಅರ್ಧ ಗಂಟೆಗೂ ಮೀರಿ ಮೈ ಬಿಗಿದು, ಓಡಾಡಿದರೆ ಕಡಿಮೆಯಾಗಿ ಮಲಗಿದರೆ ಹೆಚ್ಚಾದರೆ ತಡಮಾಡದೆ ಡಾಕ್ಟರಿಗೆ ತೋರಿಸಿ, ಅಣ್ಣನ ಕಾಯಿಲೆಯನ್ನೂ ಹೇಳಿ. ಹೆಂಗಸರಲ್ಲಿ ಇದನ್ನು ಗುರುತಿಸುವುದು ತಡವಾಗುತ್ತದೆ, ಗಂಡಸರ ಕಾಯಿಲೆ ಅನ್ನುವ ಹಳೆಯ ನಂಬಿಕೆಯಿಂದ. ಬಿ27 ಇರುವವರಿಗೆ ಕಣ್ಣಿನೊಳಗೂ ಉರಿಯೂತ ಬರಬಹುದು, ಹಾಗಾಗಿ ಒಂದು ಕಣ್ಣು ಕೆಂಪಾಗಿ ನೋವಾದರೆ, ಬೆಳಕು ಚುಚ್ಚಿದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ವಯಸ್ಸು 31. ಮೂರು ವರ್ಷದಿಂದ ಸೊಂಟ ನೋವು, ಬೆಳಗಿನ ಜಾವ ಎಚ್ಚರ ಆಗುತ್ತೆ. ಗದ್ದೆಗೆ ಹೋಗಿ ಕೆಲಸ ಮಾಡಿದರೆ ಸಡಿಲ ಆಗುತ್ತೆ. ಬಿ27 ನೆಗೆಟಿವ್ ಬಂತು, ಸ್ಪಾಂಡಿಲೈಟಿಸ್ ಅಲ್ಲ ಅಂದರು. ಮೆಡಿಕಲ್ ಶಾಪ್‌ನ ಮಾತ್ರೆಯಲ್ಲೇ ದಿನ ದೂಡ್ತಿದ್ದೀನಿ.
– ಓದುಗ, ಸಿಂಧನೂರು

ಉತ್ತರ: ನೆಗೆಟಿವ್ ಅಂದ ಮಾತ್ರಕ್ಕೆ ಕಾಯಿಲೆ ಇಲ್ಲ ಅಂತ ಹೇಳಲು ಬರುವುದಿಲ್ಲ. ಬಿ27 ಇಲ್ಲದೆಯೂ ಈ ಕಾಯಿಲೆ ಬರುತ್ತದೆ. ನಿಮ್ಮ ಲಕ್ಷಣ ಓದಿದರೆ ನನಗೆ ಅನುಮಾನ ಹೋಗುತ್ತಿಲ್ಲ. ಎಕ್ಸ್‌ರೇಯಲ್ಲಿ ಬದಲಾವಣೆ ಕಾಣಲು ವರ್ಷಗಳೇ ಬೇಕಾಗಬಹುದು, ಉರಿಯೂತ ಅಳೆಯುವ ಸಿಆರ್‌ಪಿ ರಕ್ತ ಪರೀಕ್ಷೆ ಕೂಡ ನಾರ್ಮಲ್ ಇರಬಹುದು. ಬೆನ್ನೆಲುಬು ಸೊಂಟಕ್ಕೆ ಕೂಡುವ ಸ್ಯಾಕ್ರೋಇಲಿಯಾಕ್ ಕೀಲುಗಳ ಎಂಆರ್‌ಐ ಬೇಕು. ಬರೀ ಸೊಂಟದ ಡಿಸ್ಕ್ ನೋಡುವ ಎಂಆರ್‌ಐ ಮಾಡಿಸಿ ವಾಪಸ್ ಬರಬೇಡಿ. ರುಮಟಾಲಜಿಸ್ಟ್ (ಇಂಥ ಕೀಲು ಕಾಯಿಲೆಗಳ ತಜ್ಞ ಡಾಕ್ಟರು) ಹತ್ತಿರದಲ್ಲಿ ಸಿಗದಿದ್ದರೆ ಹುಬ್ಬಳ್ಳಿಗೋ ಹೈದರಾಬಾದಿಗೋ ಒಮ್ಮೆ ಹೋಗಿ ಬನ್ನಿ, ದುಡ್ಡು ದಂಡ ಆಗುವುದಿಲ್ಲ.

ಉರಿಯೂತ ಇಳಿಸುವ ನೋವಿನ ಮಾತ್ರೆ ಈ ಕಾಯಿಲೆಯ ಮೊದಲ ಚಿಕಿತ್ಸೆಯೇ, ಆದರೆ ಕಿಡ್ನಿ, ಹೊಟ್ಟೆ ನೋಡಿಕೊಂಡು ಡಾಕ್ಟರೇ ಬರೆದುಕೊಡಬೇಕು. ಅದು ಸಾಲದಿದ್ದರೆ ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಅಥವಾ ಐಎಲ್-17 ಅನ್ನುವ ಪ್ರೋಟೀನುಗಳನ್ನು ತಡೆಯುವ ಇಂಜೆಕ್ಷನ್‌ಗಳಿವೆ. ಅದಕ್ಕೂ ಮೊದಲು ಟಿಬಿ ಪರೀಕ್ಷೆ ಬಿಡಲೇಬಾರದು, ಒಳಗೆ ಅಡಗಿರುವ ಟಿಬಿ ಇಂಥ ಔಷಧದಿಂದ, ಮುಖ್ಯವಾಗಿ ಟಿಎನ್‌ಎಫ್ ತಡೆಯುವುದರಿಂದ, ಎದ್ದು ಬರಬಹುದು. ಬೀಡಿ ಸಿಗರೇಟ್ ಇದ್ದರೆ ಇವತ್ತೇ ಬಿಡಿ, ಬೆನ್ನೆಲುಬು ಬೆಸೆಯುವುದನ್ನು ಅದು ಜೋರು ಮಾಡುತ್ತದೆ. ದಿನಾ ವ್ಯಾಯಾಮ ಮಾಡಿ.

ಪ್ರಶ್ನೆ: ಸಂಡೂರು ಕಡೆ ಟಿಪ್ಪರ್ ಓಡಿಸ್ತೀನಿ, 48 ವರ್ಷ. ಸಂಜೆ ಹೊತ್ತಿಗೆ ಬೆನ್ನು ಹಿಡಿಯುತ್ತೆ, ಮಲಗಿದರೆ ಆರಾಮ. ನಾನೂ ಬಿ27 ಮಾಡಿಸಲಾ?
– ಓದುಗ, ಸಂಡೂರು

ಉತ್ತರ: ಈಗ ಬೇಡ. ಈ ಕಾಯಿಲೆ ಸಾಮಾನ್ಯವಾಗಿ 45ರ ಒಳಗೇ ಶುರುವಾಗುತ್ತದೆ, ವಿಶ್ರಾಂತಿಯಿಂದ ಇಳಿಯುವುದಿಲ್ಲ. ನಿಮ್ಮದು ಸೀಟು, ಕುಲುಕಾಟ, ದುಡಿಮೆಯ ನೋವಿನ ಥರ ಕಾಣುತ್ತದೆ. ಆದರೆ ಕಾಲಿನ ಬಲ ಕಡಿಮೆಯಾದರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರ ಬಂದು ತೂಕ ಇಳಿದರೆ ಗಾಡಿ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.