ಫೀಲ್ಡ್ ಥಿಯರಿ ತಗೊಳ್ಳಲೇಬೇಕಾ ಮೇಡಂ?

ಆಪ್ತ ಸಮಾಲೋಚನೆಗೆ ಅಂತ ನನ್ನ ಹತ್ತಿರ ಬಂದ ಒಬ್ಬ ಹುಡುಗಿಯ ಕಥೆ ಇದು, ಅವಳ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಮನೆಯ ಗುರುತು ಬದಲಿಸಿದ್ದೇನೆ. ಕಾವ್ಯ ಅಂತ ಕರೆಯೋಣ.

ಪಾಂಡವಪುರದ ಕಡೆಯ ಹುಡುಗಿ. ಮೈಸೂರಿನಲ್ಲಿ ಎಂಎಸ್ಸಿ ಫಿಸಿಕ್ಸ್, ಮೊದಲ ವರ್ಷ ಮುಗಿದಿತ್ತು. ದಿನಾ ರೈಲಿನಲ್ಲಿ ಓಡಾಟ. ನಿದ್ದೆ ಬರಲ್ಲ, ಊಟ ಸೇರಲ್ಲ ಅಂತ ಬಂದಳು. ಮನೆಯಲ್ಲಿ ಏನಾದರೂ ತೊಂದರೆಯಾ ಅಂತ ಕೇಳಿದೆ, ಇಲ್ಲ ಅಂದಳು. ಆಮೇಲೆ ಬ್ಯಾಗಿನಿಂದ ಒಂದು ಫಾರಂ ತೆಗೆದಳು. ಮೂರನೇ ಸೆಮಿಸ್ಟರ್‌ಗೆ ಸಾಫ್ಟ್‌ಕೋರ್ ಪೇಪರ್, ಅಂದರೆ ನಾವೇ ಆಯ್ದುಕೊಳ್ಳುವ ವಿಷಯ, ಆರಿಸಿ ಸೋಮವಾರದೊಳಗೆ ಕೊಡಬೇಕಿತ್ತು. ಪೆನ್ಸಿಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದು, ಒಂದು ಕಡೆ ಕಾಗದ ತೂತೇ ಬಿದ್ದಿತ್ತು.

ಕ್ವಾಂಟಮ್ ಫೀಲ್ಡ್ ಥಿಯರಿ (ಮೂಲಕಣಗಳ ಕಷ್ಟದ ಗಣಿತ), ಜನರಲ್ ರಿಲೇಟಿವಿಟಿ (ಐನ್‌ಸ್ಟೈನರ ಗುರುತ್ವ ಸಿದ್ಧಾಂತ), ಆಸ್ಟ್ರೋಫಿಸಿಕ್ಸ್ (ನಕ್ಷತ್ರಗಳ ಫಿಸಿಕ್ಸ್) ಮೂರನ್ನೂ ಬರೆದಿದ್ದಳು. ಎರಡು ತಗೊಂಡರೆ ಸಾಕಿತ್ತು. ಎಲೆಕ್ಟ್ರಾನಿಕ್ಸ್ ಅಂತ ಮೊದಲು ಬರೆದದ್ದನ್ನು ಹೊಡೆದುಹಾಕಿದ್ದಳು.

'ಫೀಲ್ಡ್ ಥಿಯರಿ ಯಾಕಮ್ಮಾ?' ಅಂದೆ.

'ಅದಿಲ್ಲದೆ ರಿಸರ್ಚ್‌ಗೆ ಯಾರೂ ತಗೊಳ್ಳಲ್ವಂತೆ ಮೇಡಂ. ಎಲೆಕ್ಟ್ರಾನಿಕ್ಸ್ ತಗೊಂಡರೆ ಮೇಷ್ಟ್ರಾಗಬಹುದು ಅಷ್ಟೇ, ಅಂತಾರೆ.'

ಪಿಯುಸಿವರೆಗೆ ಕನ್ನಡ ಮಾಧ್ಯಮ, ಡಿಗ್ರಿ ಸಣ್ಣ ಊರಿನ ಕಾಲೇಜು. ತರಗತಿಯಲ್ಲಿ ತಾನು ಕಡಿಮೆಯವಳಲ್ಲ ಅಂತ ತೋರಿಸಬೇಕು ಅನ್ನೋ ಆಸೆ ಆ ಫಾರಂ ತುಂಬಾ ಇತ್ತು. ಆಸೆ ತಪ್ಪಲ್ಲ. ಆದರೆ ಅದು ಫಿಸಿಕ್ಸ್ ಮೇಲಿನ ಆಸಕ್ತಿ ಅಲ್ಲ, ಭಯ. ನಾನೂ ಎಂಎಸ್ಸಿ ಫಿಸಿಕ್ಸ್ ಓದಿ ಆಮೇಲೆ ಈ ಕೆಲಸಕ್ಕೆ ಬಂದವಳು, ಅದಕ್ಕೇ ಈ ಭಯದ ಗುರುತು ನನಗೆ ಚೆನ್ನಾಗಿ ಸಿಗುತ್ತೆ.

ಎರಡನೇ ಸಲ ಬಂದಾಗ ಪೇಪರ್ ವಿಷಯ ಬಿಟ್ಟು, ಯಾರೂ ಹೇಳದೆ ನೀನೇ ಮಾಡಿದ ಫಿಸಿಕ್ಸ್ ಏನಾದರೂ ಇದೆಯಾ ಅಂತ ಕೇಳಿದೆ. ಸುಮ್ನೆ ಕೂತಿದ್ದಳು. ಆಮೇಲೆ ಹೇಳಿದಳು.

'ನಮ್ಮಜ್ಜಿ ಧಾರಾವಾಹಿ ನೋಡ್ತಾ ಕೂತಿರ್ತಿತ್ತು ಮೇಡಂ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರುವಿನಲ್ಲಿ ಒಂದಷ್ಟು ದಿನ ಮಧ್ಯಾಹ್ನ ಕೆಲವು ನಿಮಿಷ ಡಿಶ್ ಕೈಕೊಡೋದು. ಅಜ್ಜಿ ನನ್ನನ್ನೇ ಬೈಯೋದು.'

ಆ ದಿನಗಳಲ್ಲಿ ಸೂರ್ಯ ಸರಿಯಾಗಿ ಸ್ಯಾಟಲೈಟಿನ ಹಿಂದೆ ಬರ್ತಾನೆ, ಅವನ ರೇಡಿಯೋ ಸದ್ದಿನಲ್ಲಿ ಟಿವಿ ಸಿಗ್ನಲ್ ಮುಳುಗಿಹೋಗುತ್ತೆ. ಮಾರ್ಚ್ ಸುಮಾರಿಗೂ ಹೀಗಾಗುತ್ತೆ. ಇದನ್ನು ಹುಡುಕಿ ಓದಿಕೊಂಡು, ಡಿಶ್ ಹಾಕುವ ಹುಡುಗನ ಹತ್ತಿರ ಸ್ಯಾಟಲೈಟ್ ಫೈಂಡರ್ (ಸಿಗ್ನಲ್ ಜೋರಾದಷ್ಟೂ ಜೋರಾಗಿ ಸದ್ದು ಮಾಡುವ ಪುಟ್ಟ ಯಂತ್ರ) ಇಸ್ಕೊಂಡು, ಮೂಲೆಗೆ ಬಿದ್ದಿದ್ದ ಹಳೇ ಡಿಶ್ಶನ್ನು ತಾರಸಿ ಮೇಲೆ ಸೂರ್ಯನ ಕಡೆ ತಿರುಗಿಸಿದ್ದಳಂತೆ. ಫೈಂಡರ್ ಕಿರುಚಿತಂತೆ. ಖಾಲಿ ಆಕಾಶಕ್ಕೆ ತಿರುಗಿಸಿದರೆ ಸದ್ದು ಇಳೀತು, ಮುಂದೆ ಕೈ ಅಡ್ಡ ಹಿಡಿದರೆ ಮತ್ತೆ ಏರಿತು. 'ನನ್ನ ಕೈನೂ ರೇಡಿಯೋ ಬಿಡುತ್ತೆ ಮೇಡಂ!' ಅಂತ ಕೈಯನ್ನು ನನ್ನ ಮುಖದ ಮುಂದೆಯೇ ಹಿಡಿದಳು. ನನ್ನ ಮುಂದೆ ಮೊದಲ ಸಲ ಚೆನ್ನಾಗಿ ನಕ್ಕಿದ್ದು ಅವತ್ತು.

ನನಗೆ ಬೇಕಾಗಿದ್ದದ್ದು ಸಿಕ್ಕಿತು. ಈ ಹುಡುಗಿಗೆ ಆಂಟೆನಾ ಇಷ್ಟ, ಸಿಗ್ನಲ್ ಇಷ್ಟ. ಅವಳು ಹೊಡೆದುಹಾಕಿದ್ದು ಅದಕ್ಕೆ ಹತ್ತಿರದ ಎಲೆಕ್ಟ್ರಾನಿಕ್ಸ್ ಪೇಪರನ್ನೇ.

ನಾನು ಹೇಳಿದ್ದು ಇಷ್ಟು. ರಿಸರ್ಚ್ ಫೆಲೋಶಿಪ್ಪಿಗೆ ಬರೆಯುವ ನೆಟ್ ಪರೀಕ್ಷೆಯ ಫಿಸಿಕ್ಸ್ ಸಿಲಬಸ್ ತೆಗೆದು ನೋಡು. ಎಲೆಕ್ಟ್ರೋಮ್ಯಾಗ್ನೆಟಿಕ್ ಥಿಯರಿ, ಕ್ವಾಂಟಮ್, ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್, ಎಲೆಕ್ಟ್ರಾನಿಕ್ಸ್ ಎಲ್ಲಾ ಇದೆ, ಫೀಲ್ಡ್ ಥಿಯರಿ ಅನ್ನೋ ಭಾಗವೇ ಇಲ್ಲ. ಪಾರ್ಟಿಕಲ್ ಥಿಯರಿ ಮಾಡುವವರಿಗೆ ಅದು ಅನ್ನದಷ್ಟೇ ಮುಖ್ಯ, ಅವರು ಬಿಡಬಾರದು. ಆಕಾಶದಿಂದ ಬರುವ ರೇಡಿಯೋ ತರಂಗ ಅಳೆಯುವ ರೇಡಿಯೋ ಖಗೋಳಕ್ಕೆ ಹೋಗುವವಳಿಗೆ ಮೂರನೇ ಸೆಮಿಸ್ಟರಿನಲ್ಲಿ ಅದರ ಅವಸರ ಇಲ್ಲ. ನಿನ್ನ ಕೈಯ ಸದ್ದು ಫೈಂಡರಿನಲ್ಲಿ ಯಾಕೆ ಏರಿತು ಅಂತ ಲೆಕ್ಕ ಹಾಕೋಕೆ ಬೇಕಾಗೋದು, ಬಿಸಿಗೆ ತಕ್ಕಂತೆ ವಸ್ತು ಎಷ್ಟು ವಿಕಿರಣ ಬಿಡುತ್ತೆ ಅಂತ ಹೇಳುವ, 1900ರಲ್ಲಿ ಪ್ಲಾಂಕ್ ಕೊಟ್ಟ ಸೂತ್ರ. ನಕ್ಷತ್ರದ ಬಿಸಿಗೂ ಅದರ ಬೆಳಕಿನಲ್ಲಿ ಕಾಣುವ ಗೆರೆಗಳಿಗೂ ಇರುವ ನಂಟನ್ನು ನಮ್ಮ ದೇಶದ ವಿಜ್ಞಾನಿ ಮೇಘನಾದ ಸಹಾ 1920ರಲ್ಲಿ ಬಿಡಿಸಿದ್ದೂ ಅಂಥದ್ದೇ ಲೆಕ್ಕದಿಂದ. ಇವೆಲ್ಲ ಬರೋದು ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್‌ನಲ್ಲಿ, ಅಂದರೆ ಲೆಕ್ಕವಿಲ್ಲದಷ್ಟು ಕಣಗಳ ಒಟ್ಟು ನಡವಳಿಕೆಯ ಪಾಠದಲ್ಲಿ; ಹೇಗೂ ಕಡ್ಡಾಯ ಅಂತ ಅದನ್ನು ಕಾಟಾಚಾರಕ್ಕೆ ಓದಬೇಡ. ನಿನ್ನ ಆಸಕ್ತಿ ಅಲ್ಲೇ ಇದೆ.

ಆಮೇಲೆ ಗಂಟೆ ಲೆಕ್ಕ ಹಾಕಿದೆವು. ಬೆಳಿಗ್ಗೆ 7ಕ್ಕೆ ಮನೆ ಬಿಟ್ಟರೆ ಸಂಜೆ ಮುಟ್ಟೋದು 7 ದಾಟಿ. ಓದೋಕೆ ಸಿಗೋದು ಆರು ದಿನ ರಾತ್ರಿ ಎರಡೆರಡು ಗಂಟೆ, ಭಾನುವಾರ ಐದು ಗಂಟೆ. ವಾರಕ್ಕೆ 17. ರೈಲಿನಲ್ಲಿ ಸೀಟು ಸಿಕ್ಕರೆ ನೋಟ್ಸ್ ಓದಬಹುದು, ನಿಂತುಕೊಂಡು ಇಂಟಿಗ್ರಲ್ ಮಾಡೋಕಾಗಲ್ಲ. ಪುಸ್ತಕ ಮುಚ್ಚಿ ಕೈಯಾರೆ ಲೆಕ್ಕ ಬಿಡಿಸದಿದ್ದರೆ ಫಿಸಿಕ್ಸ್ ಹತ್ತಲ್ಲ ಅಲ್ವಾ? ಕಡ್ಡಾಯ ಪೇಪರುಗಳಿಗೇ 10 ಗಂಟೆ ಹೋಗುತ್ತೆ. ಉಳಿದ ಏಳರಲ್ಲಿ ಮೂರು ದೊಡ್ಡ ಪೇಪರ್ ಹಿಡಿಸಲ್ಲ. ಅವಳೇ ಪೆನ್ಸಿಲ್ ಕೆಳಗಿಟ್ಟಳು.

ಜನರಲ್ ರಿಲೇಟಿವಿಟಿ ಬಿಡೋಕೆ ಮಾತ್ರ ಒಪ್ಪಲಿಲ್ಲ. ಮೇಷ್ಟ್ರನ್ನು ಕೇಳಿ ಸುಮ್ನೆ ಕೂತು ಕೇಳು, ಪರೀಕ್ಷೆ ಬೇಡ ಅಂದೆ. ಎರಡು ತಿಂಗಳು ಹೋದಳು, ಆಮೇಲೆ ಬಿಟ್ಟಳು. ತಪ್ಪು ಮಾಡಿದವಳ ಹಾಗೆ ಬಂದು ಹೇಳಿದಳು. ಎರಡು ತಿಂಗಳು ಕೇಳಿದ್ದು ಎಲ್ಲಿಗೂ ಹೋಗಲ್ಲ, ಪಿಎಚ್‌ಡಿ ಮೊದಲ ವರ್ಷದ ಕೋರ್ಸುಗಳಲ್ಲಿ ಮತ್ತೆ ಎದುರಾದಾಗ ಕೈ ಹಿಡಿಯುತ್ತೆ ಅಂದೆ. ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯದ ಬಗ್ಗೆ ಓದಿಕೋ ಅಂತಲೂ ಹೇಳಿದೆ.

ಕೊನೆಗೆ ಎಲೆಕ್ಟ್ರಾನಿಕ್ಸ್, ಆಸ್ಟ್ರೋಫಿಸಿಕ್ಸ್ ತಗೊಂಡಳು. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಒಂದು ಗ್ರಾಫ್ ಹಾಳೆ ತಂದಳು. ಡಿಶ್ಶನ್ನು ಅಲುಗಾಡದ ಹಾಗೆ ಕಟ್ಟಿ, ಸೂರ್ಯ ಅದರ ಮುಂದೆ ತಾನಾಗಿ ಹಾದುಹೋಗಲು ಬಿಟ್ಟಿದ್ದಳು. ಅರ್ಧ ನಿಮಿಷಕ್ಕೊಂದು ಚುಕ್ಕಿ. ಮೆಲ್ಲಗೆ ಏರಿ ಇಳಿಯುವ ಒಂದು ಗುಡ್ಡ. ಡಿಶ್ ಅಗಲ 60 ಸೆಂಟಿಮೀಟರ್, ತರಂಗ ಸುಮಾರು ಎರಡೂವರೆ ಸೆಂಟಿಮೀಟರ್, ಹಾಗಾದರೆ ಡಿಶ್ ಒಮ್ಮೆಗೆ ನೋಡೋದು ಸುಮಾರು ಮೂರು ಡಿಗ್ರಿ ಆಕಾಶ, ಸೂರ್ಯ ಒಂದು ಡಿಗ್ರಿ ದಾಟೋಕೆ ನಾಲ್ಕು ನಿಮಿಷ. ಗುಡ್ಡದ ಅಗಲ 12 ನಿಮಿಷದ ಹತ್ತಿರ ಬರಬೇಕು ಅಂತ ಪಕ್ಕದಲ್ಲಿ ಬರೆದಿದ್ದಳು.

'ಹದಿಮೂರು ಬಂದಿದೆ ಮೇಡಂ. ಆ ಒಂದು ನಿಮಿಷ ಎಲ್ಲಿಂದ ಬಂತು ಅಂತ ಹುಡುಕ್ತಿದೀನಿ' ಅಂದಳು.