ಮಳೆ ಬಿಟ್ಟ ಮೇಲೆ ತೆರೆಯುವ ಊರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕಳೆದ ಜೂನ್‌ನಲ್ಲಿ ವರ್ಗಾವಣೆಯಾಗಿ ಬಳ್ಳಾರಿ ಕಡೆಯಿಂದ ಇಲ್ಲಿಗೆ ಬಂದೆವು. ಮಳೆಗಾಲವಿಡೀ ಬಾಗಿಲು ಹಾಕಿಕೊಂಡೇ ಇದ್ದುದರಿಂದ ನಮ್ಮ ಬೀದಿಯಲ್ಲಿ ಯಾರ ಪರಿಚಯವೂ ಆಗಲಿಲ್ಲ. ರಜೆ ಬಂದರೆ ಎಲ್ಲರೂ ಜೋಗ, ಆಗುಂಬೆ ಎನ್ನುತ್ತಾರೆ. ಪ್ರತಿ ವಾರ ಅಷ್ಟು ದೂರ ಹೋಗುವುದು ನಮ್ಮಿಂದಾಗದು. ಚಳಿಗಾಲದಲ್ಲಿ ಊರೊಳಗೇ ಮಕ್ಕಳೊಂದಿಗೆ ಸಂತೋಷವಾಗಿ ಕಳೆಯಲು ಏನಿದೆ?
– ಓದುಗರೊಬ್ಬರು, ವಿನೋಬನಗರ, ಶಿವಮೊಗ್ಗ

ಉತ್ತರ: ನೀವು ಬಂದ ಕಾಲವೇ ಹಾಗಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಜನ ಕೆಲಸವಿದ್ದರಷ್ಟೇ ಹೊರಗೆ ಹೊರಡುತ್ತಾರೆ; ಬಯಲಿನಲ್ಲಿ ನಡೆಯಬೇಕಾದ ಬಹುಪಾಲು ಕಾರ್ಯಕ್ರಮಗಳನ್ನು ದೀಪಾವಳಿಯ ಆಚೀಚೆಗೆ ಇಟ್ಟುಕೊಳ್ಳುತ್ತಾರೆ. ಹೀಗಾಗಿ ಬೀದಿಯ ಬದುಕು ಮತ್ತೆ ಚಿಗುರುವುದು ಚಳಿಗಾಲದಲ್ಲಿಯೇ. ಅದನ್ನು ಹುಡುಕಿಕೊಂಡು ಹೋಗುವ ಮೊದಲು ನಿಮ್ಮ ಬಡಾವಣೆಯ ರಾಜ್ಯೋತ್ಸವದಲ್ಲಿ ಪಾಲ್ಗೊಳ್ಳಿ. ನಮ್ಮಲ್ಲಿ ರಾಜ್ಯೋತ್ಸವ ನವೆಂಬರ್ 1ಕ್ಕೆ ಮುಗಿಯುವುದಿಲ್ಲ, ತಿಂಗಳಿಡೀ ಒಂದಲ್ಲ ಒಂದು ವೃತ್ತದಲ್ಲಿ ಪೆಂಡಾಲ್ ಏಳುತ್ತಲೇ ಇರುತ್ತದೆ. ಮುಂದಿನ ಸಾಲಿನಲ್ಲಿ ಕುಳಿತು ನೋಡಿ ಬರುವುದಕ್ಕಿಂತ, ಹಿಂದಿನ ಸಂಜೆಯೇ ಹೋಗಿ ಏನಾದರೂ ಕೆಲಸವಿದೆಯೇ ಎಂದು ಕೇಳಿ. ಕುರ್ಚಿ ಜೋಡಿಸಲು, ತೋರಣ ಕಟ್ಟಲು ಕೈ ಹಾಕಿದವರ ಹೆಸರನ್ನು ಬೀದಿಯವರು ಬೇಗ ಕಲಿಯುತ್ತಾರೆ ಎಂಬುದು ನನ್ನ ದೃಢವಾದ ನಂಬಿಕೆ.

ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಧನುರ್ಮಾಸದಲ್ಲಿ ಒಂದು ದಿನವಾದರೂ ಮಕ್ಕಳನ್ನು ಬೆಳಗಿನ ಜಾವಕ್ಕೆ ಎಬ್ಬಿಸಿ ಕೋಟೆಯ ಸೀತಾರಾಮಾಂಜನೇಯ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ. ಈ ತಿಂಗಳ ಪೂಜೆ ಸೂರ್ಯೋದಯಕ್ಕೆ ಮುಂಚೆ ನಡೆಯುವಂಥದ್ದು. ನೈವೇದ್ಯಕ್ಕೆ ಹೆಸರುಬೇಳೆಯ ಹುಗ್ಗಿ. ಕಾಳುಮೆಣಸು ಇಡಿಯಾಗಿಯೇ ಬಾಯಿಗೆ ಸಿಗುವ, ತುಪ್ಪ ಇನ್ನೂ ಹೆಪ್ಪುಗಟ್ಟದ ಆ ಬಿಸಿ ಹುಗ್ಗಿಯ ದೊನ್ನೆಯನ್ನು ಎರಡು ಕೈಯಲ್ಲಿ ಹಿಡಿದು ನಿಂತರೆ ಚಳಿ ಮೊದಲು ಬಿಡುವುದು ಅಂಗೈಯನ್ನು. ಪಕ್ಕದಲ್ಲಿ ನಿಂತು ತಿನ್ನುವವರು ತಾವಾಗಿಯೇ ಮಾತನಾಡಿಸುತ್ತಾರೆ. ಅಲ್ಲಿಂದ ಶಿವಪ್ಪ ನಾಯಕನ ಅರಮನೆ ಹತ್ತಿರವೇ ಇದೆ. ಅದೀಗ ಸರ್ಕಾರಿ ವಸ್ತುಸಂಗ್ರಹಾಲಯವಾಗಿದ್ದು, ಅಂಗಳದಲ್ಲಿರುವ ಹಳೆಯ ಶಿಲ್ಪಗಳನ್ನು ಎಳೆಬಿಸಿಲಿನಲ್ಲಿ ಸಾವಧಾನವಾಗಿ ನೋಡಬಹುದು.

ಸಂಜೆಗಳಿಗೆ ನಾಟಕವಿದೆ. ಕುವೆಂಪು ರಂಗಮಂದಿರ ಮತ್ತು ರಂಗಾಯಣದ ನೆಲೆಯಾದ ಸುವರ್ಣ ಸಾಂಸ್ಕೃತಿಕ ಭವನದ ಕಾರ್ಯಕ್ರಮಗಳ ಸುದ್ದಿ ಸ್ಥಳೀಯ ಪತ್ರಿಕೆಗಳಲ್ಲಿ ಬರುತ್ತದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1985ರಲ್ಲಿ ಆರಂಭಿಸಿದ ‘ತಿರುಗಾಟ’ ನಾಟಕ ತಂಡ ಈ ತಿಂಗಳುಗಳಲ್ಲಿ ಊರೂರು ಸುತ್ತುತ್ತದೆ. ಅದು ನಿಮ್ಮ ಹತ್ತಿರಕ್ಕೆ ಬಂದಾಗ ತಪ್ಪಿಸಿಕೊಳ್ಳಬೇಡಿ. ಉಪನ್ಯಾಸ, ಪುಸ್ತಕ ಬಿಡುಗಡೆಗಳಲ್ಲಿ ಆಸಕ್ತಿಯಿದ್ದರೆ 1930ರಲ್ಲಿ ಹುಟ್ಟಿದ ಕರ್ನಾಟಕ ಸಂಘವಿದೆ. ಸಂಕ್ರಾಂತಿಯ ಹಿಂದಿನ ಸಂಜೆ ಗಾಂಧಿ ಬಜಾರಿಗೆ ನಡೆದೇ ಹೋಗಿ, ಅಂದು ವಾಹನ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಉತ್ಸಾಹ ಕರಗಿಹೋಗುತ್ತದೆ. ಎಳ್ಳುಬೆಲ್ಲವನ್ನು ಮಕ್ಕಳ ಕೈಯಲ್ಲಿಯೇ ಮನೆಮನೆಗೆ ಕಳಿಸಿ. ಆರು ತಿಂಗಳು ತೆರೆಯದ ಬಾಗಿಲು ಕೂಡ ಆ ದಿನ ತೆರೆಯುತ್ತದೆ.

ಚಳಿ ಹಿಂದೆ ಸರಿಯುವ ಹೊತ್ತಿಗೆ, ಎರಡು ವರ್ಷಕ್ಕೊಮ್ಮೆ, ಕೋಟೆ ಮಾರಿಕಾಂಬಾ ಜಾತ್ರೆ ಬರುತ್ತದೆ. ಈ ಸಲದ್ದೋ ಮುಂದಿನ ಸಲದ್ದೋ ಎಂದು ನೆರೆಯವರನ್ನು ಕೇಳಿ ತಿಳಿಯಿರಿ. ಪರಿಚಯಕ್ಕೆ ಅದೇ ಒಂದು ನೆಪವಾಗುತ್ತದೆ.

ಪ್ರಶ್ನೆ: ಹೊಸನಗರದ ಹಳ್ಳಿಯಲ್ಲಿದ್ದ ನಮ್ಮ ತಂದೆ ಈಗ ನಮ್ಮೊಂದಿಗೆ ಇದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಚಳಿಗಾಲ ಬಂದರೆ ಯಕ್ಷಗಾನದ ಮಾತೇ ಮಾತು. ರಾತ್ರಿಯಿಡೀ ಬಯಲಲ್ಲಿ ಕೂರಿಸಲು ನಮಗೆ ಭಯ. ಏನು ಮಾಡುವುದು?
– ಓದುಗರೊಬ್ಬರು, ಗೋಪಾಳ, ಶಿವಮೊಗ್ಗ

ಉತ್ತರ: ದಯವಿಟ್ಟು ಕರೆದುಕೊಂಡು ಹೋಗಿ. ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಕೂತು ಆಟ ನೋಡಿ ಬೆಳೆದವರಿಗೆ ಚಂಡೆಯ ಸದ್ದಿಲ್ಲದ ಚಳಿಗಾಲ ಎಷ್ಟು ಖಾಲಿಯಾಗಿರುತ್ತದೆ ಎಂಬುದನ್ನು ಪೇಟೆಯಲ್ಲಿ ಬೆಳೆದ ಮಕ್ಕಳು ಊಹಿಸುವುದು ಕಷ್ಟ. ಕರಾವಳಿಯ ಮೇಳಗಳು ನವೆಂಬರ್ ಹೊತ್ತಿಗೆ ತಿರುಗಾಟಕ್ಕೆ ಹೊರಟು ಮೇ ತಿಂಗಳವರೆಗೆ ಆಡುತ್ತವೆ, ಹರಕೆಯ ಆಟಗಳಿಗೆಂದು ಘಟ್ಟವನ್ನೂ ಹತ್ತಿ ಬರುತ್ತವೆ. ಬೆಳಗಿನವರೆಗೆ ನಡೆಯುವ ಆಟದ ಜೊತೆಗೆ ಈಗ ಮಧ್ಯರಾತ್ರಿಯ ಸುಮಾರಿಗೆ ಮುಗಿಯುವ ಕಾಲಮಿತಿ ಪ್ರದರ್ಶನಗಳೂ ಇವೆ. ಪಟ್ಟಣದ ಸಭಾಂಗಣಗಳಲ್ಲಿ ನಡೆಯುವುದು ಹೆಚ್ಚಾಗಿ ಅಂಥವೇ. ಮೊದಲು ಅದಕ್ಕೆ ಕರೆದೊಯ್ಯಿರಿ. ಅವರು ಬಯಲಾಟವೇ ಬೇಕೆಂದರೆ ತಲೆ ಮತ್ತು ಕಿವಿ ಮುಚ್ಚುವ ಮಫ್ಲರ್, ಕಂಬಳಿ, ಬಿಸಿನೀರಿನ ಫ್ಲಾಸ್ಕ್ ಜೊತೆಗಿರಲಿ. ಹತ್ತು ಗಂಟೆಯ ನಂತರ ಇಬ್ಬನಿ ಸುರಿದು ಪ್ಲಾಸ್ಟಿಕ್ ಕುರ್ಚಿಯ ಬೆನ್ನು ನೀರಾಡುತ್ತದೆ, ಆದ್ದರಿಂದ ಅದರ ಮೇಲೆ ಹಾಸಲು ಒಂದು ದಪ್ಪ ಟವೆಲ್ ಬೇಕು. ಉಬ್ಬಸವಿದ್ದರೆ ವೈದ್ಯರನ್ನು ಕೇಳಿಯೇ ಹೊರಡಿ. ಸಾಧ್ಯವಾದರೆ ನೀವೂ ಜೊತೆಗೆ ಕುಳಿತು, ಯಾವ ಪ್ರಸಂಗ, ಯಾವ ವೇಷ ಎಂದು ಅವರಿಂದಲೇ ಹೇಳಿಸಿಕೊಳ್ಳಿ.

ಪ್ರಶ್ನೆ: ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೆ ಮಕ್ಕಳೊಂದಿಗೆ ಯಾವ ದಿನ ಹೋಗುವುದು ಒಳ್ಳೆಯದು? ಕಾಡಿನ ದಾರಿಯಲ್ಲಿ ಸುತ್ತಾಡಬಹುದೇ?
– ಓದುಗರೊಬ್ಬರು, ಭದ್ರಾವತಿ

ಉತ್ತರ: ತುಂಗೆಯ ತೀರ್ಥಸ್ನಾನಕ್ಕೆ ಜನಸಂದಣಿ ವಿಪರೀತ, ಸಣ್ಣ ಮಕ್ಕಳಿದ್ದರೆ ರಥೋತ್ಸವದ ದಿನ ಹಗಲು ಹೊತ್ತಿನಲ್ಲಿ ಹೋಗಿ. ಕೊನೆಯ ರಾತ್ರಿಯ ತೆಪ್ಪೋತ್ಸವ ನೋಡಬೇಕೆಂದರೆ ಅಲ್ಲೇ ಉಳಿಯಲು ಮೊದಲೇ ವ್ಯವಸ್ಥೆ ಮಾಡಿಕೊಳ್ಳಿ. ಕುಪ್ಪಳಿಯ ಕವಿಮನೆಯನ್ನೂ ಅದೇ ಪ್ರಯಾಣದಲ್ಲಿ ನೋಡಬಹುದು.

ಕಾಡಿನ ಬಗ್ಗೆ ಮಾತ್ರ ಗಂಭೀರವಾಗಿ ಹೇಳಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗುಗಳಿಂದ (ಉಣ್ಣಿಗಳಿಂದ), ಅದೂ ಹೆಚ್ಚಾಗಿ ಡಿಸೆಂಬರ್‌ನಿಂದ ಬೇಸಿಗೆಯವರೆಗೆ. ದರಗು (ಒಣಗಿದ ಎಲೆ) ಬಿದ್ದ ನೆಲದಲ್ಲಿ ಮಕ್ಕಳನ್ನು ಕೂರಿಸಬೇಡಿ, ಮೈತುಂಬ ಬಟ್ಟೆ ಹಾಕಿಸಿ, ಮನೆಗೆ ಬಂದೊಡನೆ ಬಿಸಿನೀರು, ಸೋಪಿನಿಂದ ಸ್ನಾನ ಮಾಡಿಸಿ ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.